ಲೇಬಲ್ ಆಮೇಲೆ, ಮೊದಲು ಬುಡ ನೋಡಿ: ಸ್ನೋಡ್ರಾಪ್ ಬೆಳೆಸುವುದು, ಹೆಸರು ಹಿಡಿಯುವುದು

ಆರು ವರ್ಷದ ಹಿಂದೆ ಹನ್ನೆರಡು ಪೌಂಡ್ ಕೊಟ್ಟು, ಚಳಿಗಾಲದಲ್ಲಿ ಪುಟ್ಟ ಬಿಳಿ ಹೂ ಬಿಡುವ ಸ್ನೋಡ್ರಾಪ್‌ನ ಒಂದೇ ಒಂದು ಗೆಡ್ಡೆ ತಂದೆ. ಬೆಳ್ಳುಳ್ಳಿ ಎಸಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಲೇಬಲ್ ಮೇಲೆ 'ವೆಂಡೀಸ್ ಗೋಲ್ಡ್' ಅಂತಿತ್ತು. ಬಿಳಿ ಹೂವು, ಅದರ ಮೇಲೆ ಚಿನ್ನದ ಬಣ್ಣದ ಪುಟ್ಟ ಮಿಡಿ. ಮೊದಲ ವರ್ಷ ಬರೀ ಎಲೆ ಬಂತು. ಎರಡನೇ ಫೆಬ್ರವರಿಯಲ್ಲಿ ಹೂ ಬಿಟ್ಟಾಗ ನೋಡಿದರೆ ಮಿಡಿ ಹಸಿರು! ರಸ್ತೆ ಬದಿಯ ಚರ್ಚಿನ ಅಂಗಳದಲ್ಲಿ ಸಾವಿರಗಟ್ಟಲೆ ಬೆಳೆಯುವ ಮಾಮೂಲಿ ಸ್ನೋಡ್ರಾಪ್.

ಮಾರಿದವರನ್ನು ಬೈದುಕೊಂಡೆ, ನಿಜ. ಆದರೆ ತಪ್ಪು ನನ್ನದೂ ಇತ್ತು. ಹೂವಿಗಾಗಿ ಎರಡು ವರ್ಷ ಕಾಯಬೇಕಿರಲಿಲ್ಲ. ಮೊದಲ ಜನವರಿಯಲ್ಲೇ ಎಲೆಯ ಬುಡ ನೋಡಿದ್ದರೆ ಸಾಕಿತ್ತು. ಅದು ಹೇಗೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಊರು ಸಾಗರದ ಹತ್ತಿರ. 2004ರಿಂದ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿದ್ದೇನೆ. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ. ಇಲ್ಲಿಂದ ಸ್ವಲ್ಪ ದೂರದಲ್ಲೇ ಕೋಲ್ಸ್‌ಬೋರ್ನ್ ಪಾರ್ಕ್ ಇದೆ. ಹೆನ್ರಿ ಜಾನ್ ಎಲ್ವೆಸ್ ಅನ್ನುವವರ ಮನೆತನದ ತೋಟ ಅದು. 1874ರಲ್ಲಿ ತುರ್ಕಿಯಲ್ಲಿ ಅವರು ಕಂಡ ಅಗಲ ಎಲೆಯ ಸ್ನೋಡ್ರಾಪ್‌ಗೆ ಅವರದೇ ಹೆಸರಿದೆ, ಗ್ಯಾಲಂಥಸ್ ಎಲ್ವೆಸಿಯೈ. ಫೆಬ್ರವರಿಯಲ್ಲಿ ಆ ತೋಟ ನೋಡಲು ಜನ ಸಾಲುಗಟ್ಟುತ್ತಾರೆ. ಮೊದಲ ಸಲ ಹೋದಾಗ ಕೊರೆಯುವ ಚಳಿಯಲ್ಲಿ ಮೊಣಕಾಲೂರಿ ಹೂವಿನ ಒಳಗೆ ಇಣುಕುವ ಮುದುಕರನ್ನು ನೋಡಿ ನಕ್ಕಿದ್ದೆ. ಈಗ ನಾನೂ ಹಾಗೇ ಕೂರುತ್ತೇನೆ. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, "ಆ ಕೆಸರಲ್ಲಿ ಕೂತ್ಕೊಂಡು ಏನೇ ಹುಡುಕ್ತಿದ್ದೀಯ?" ಅಂದಳು.

ಈ ಹುಚ್ಚು ಸಣ್ಣದಲ್ಲ. 2012ರಲ್ಲಿ 'ಎಲಿಜಬೆತ್ ಹ್ಯಾರಿಸನ್' ಅನ್ನುವ ಹಳದಿ ಜಾತಿಯ ಒಂದು ಗೆಡ್ಡೆ 725 ಪೌಂಡ್‌ಗೆ ಹೋಯಿತು. 2022ರಲ್ಲಿ 'ಗೋಲ್ಡನ್ ಟಿಯರ್ಸ್' 1,850 ಪೌಂಡ್‌ಗೆ. ಒಂದು ಗೆಡ್ಡೆಗೆ! ಅದಕ್ಕೇ ಹೆಸರು ಸರಿಯಾಗಿದೆಯಾ ಅನ್ನುವ ಪ್ರಶ್ನೆ ಇಲ್ಲಿ ಸುಮ್ನೆ ಚರ್ಚೆಯಲ್ಲ.

ಹೆಸರು ಅಂದರೆ ಏನು ಅನ್ನುವುದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಅಪ್ಪೆಮಿಡಿಯನ್ನೇ ತಗೊಳ್ಳಿ. 'ಅನಂತಭಟ್ಟನ ಅಪ್ಪೆ' ಬೇಕು ಅಂದರೆ ಅದರ ವಾಟೆ ನೆಟ್ಟರೆ ಆಗುವುದಿಲ್ಲ. ಹುಟ್ಟುವುದು ಬೇರೇನೋ ಮಾವು. ಅದೇ ಮರದ ಕಡ್ಡಿ ತಂದು ಕಸಿ ಕಟ್ಟಬೇಕು. ಸ್ನೋಡ್ರಾಪ್ ಕೂಡ ಹಾಗೇ. 'ಎಸ್. ಆರ್ನಾಟ್' ಅನ್ನುವ ಹೆಸರು ಒಂದೇ ಒಂದು ಗಿಡಕ್ಕೆ, ಮತ್ತೆ ಅದರ ಗೆಡ್ಡೆ ಒಡೆದು ಬಂದ ಮರಿಗಳಿಗೆ ಮಾತ್ರ. ಅದರ ಬೀಜದಿಂದ ಹುಟ್ಟಿದ್ದು ಎಷ್ಟೇ ಹೋಲಿದರೂ 'ಎಸ್. ಆರ್ನಾಟ್' ಅಲ್ಲ.

ತೊಂದರೆ ಶುರುವಾಗುವುದೂ ಇಲ್ಲಿಂದಲೇ. ಸ್ನೋಡ್ರಾಪ್ ಬೀಜದ ತುದಿಯಲ್ಲಿ ಇರುವೆಗೆ ಇಷ್ಟವಾಗುವ ಒಂದು ಚೂರು ತಿನಿಸು ಅಂಟಿಕೊಂಡಿರುತ್ತದೆ. ಇರುವೆ ಅದನ್ನು ಹೊತ್ತುಕೊಂಡು ಹೋಗಿ ಎಲ್ಲೋ ಬಿಡುತ್ತದೆ, ಕೆಲವೊಮ್ಮೆ ಇನ್ನೊಂದು ಹೆಸರಿನ ಗುಂಪಿನ ನಡುವೆಯೇ. ಮೂರ್ನಾಲ್ಕು ವರ್ಷ ಕಳೆದರೆ ಒಂದೇ ಲೇಬಲ್ ಕೆಳಗೆ ಎರಡು ಜಾತಿ. ಯಾರೂ ಮೋಸ ಮಾಡಿರುವುದಿಲ್ಲ. ಆ ಗುಂಪನ್ನು ಒಡೆದು ಹಂಚಿದರೆ ತಪ್ಪು ಹೆಸರೂ ಹಂಚಿಹೋಗುತ್ತದೆ. ಹೆಸರು ಉಳಿಸಬೇಕು ಅಂದರೆ ಹೂ ಬಾಡಿದ ಮೇಲೆ ಮಿಡಿ ಬಲಿಯುವ ಮೊದಲೇ ಚಿವುಟಿ ಹಾಕಿ. ನಾನು ಏಪ್ರಿಲ್‌ನಲ್ಲಿ ಕಾಫಿ ಲೋಟ ಹಿಡಿದುಕೊಂಡೇ ಈ ಕೆಲಸ ಮುಗಿಸುತ್ತೇನೆ.

ಈಗ ಗುರುತು ಹಿಡಿಯುವುದು. ಎಲ್ಲರೂ ಹೂವಿನಿಂದ ಶುರು ಮಾಡುತ್ತಾರೆ. ನೀವು ಬುಡದಿಂದ ಶುರು ಮಾಡಿ.

ಜನವರಿಯಲ್ಲಿ ಮೊಳಕೆ ಎರಡು ಮೂರು ಇಂಚು ಬಂದಾಗ ಬೆರಳಲ್ಲಿ ಮೆಲ್ಲಗೆ ಮಣ್ಣು ಸರಿಸಿ. ಎರಡು ಎಲೆ ಒಂದಕ್ಕೊಂದು ಹೇಗೆ ಕೂತಿವೆ ನೋಡಿ. ಕೈಮುಗಿದ ಹಾಗೆ ಚಪ್ಪಟೆಯಾಗಿ ಎದುರುಬದುರು ಅಂಟಿಕೊಂಡಿವೆಯಾ? ಎಲೆ ಸಣ್ಣ, ಸ್ವಲ್ಪ ಬೂದಿ ಬಣ್ಣವಾ? ಅದು ನಿವಾಲಿಸ್, ಮಾಮೂಲಿ ಸ್ನೋಡ್ರಾಪ್. ಒಂದು ಎಲೆ ಇನ್ನೊಂದನ್ನು ಬೀಡಾ ಸುತ್ತಿದ ಹಾಗೆ ಅಪ್ಪಿಕೊಂಡಿದೆಯಾ? ಎಲೆ ಅಗಲವಾಗಿ ಬೂದಿ ಬಣ್ಣವಿದ್ದರೆ ಎಲ್ವೆಸಿಯೈ. ಹಾಗೇ ಅಪ್ಪಿಕೊಂಡು ಎಣ್ಣೆ ಸವರಿದಂತೆ ಹೊಳೆಯುವ ಹಸಿರಿದ್ದರೆ ವೊರೊನೋವಿಯೈ. ಇನ್ನು ಎಲೆಯ ಎರಡೂ ಅಂಚು ಸೀರೆಯ ಅಂಚು ಮಡಿಚಿ ಹೊಲಿದ ಹಾಗೆ ಹಿಂದಕ್ಕೆ ಮಡಿಚಿದ್ದರೆ ಪ್ಲಿಕೇಟಸ್.

'ವೆಂಡೀಸ್ ಗೋಲ್ಡ್' ಪ್ಲಿಕೇಟಸ್ ಜಾತಿಯದು. ನಾನು ತಂದ ಗಿಡದ ಎಲೆಗೆ ಮಡಿಕೆಯೇ ಇರಲಿಲ್ಲ. ಒಂದು ನಿಮಿಷದ ಕೆಲಸ ಇತ್ತು, ಅಲ್ವಾ?

ಒಂದು ಎಚ್ಚರ. ಹೆಸರಾದ ಗಿಡಗಳಲ್ಲಿ ಮಿಶ್ರ ತಳಿ ಜಾಸ್ತಿ. 'ಆಟ್ಕಿನ್ಸಿಯೈ' ಅನ್ನುವುದು ನಿವಾಲಿಸ್ ಮತ್ತು ಪ್ಲಿಕೇಟಸ್ ಎರಡರ ಮಗು. ಅಂಥವುಗಳಲ್ಲಿ ಅಂಚು ಅಲ್ಲಲ್ಲಿ ಮಾತ್ರ ಸ್ವಲ್ಪ ಮಡಿಚಿರುತ್ತದೆ. ಬುಡದಿಂದ ಪೂರ್ತಿ ಹೆಸರು ಸಿಗುವುದಿಲ್ಲ, ಮನೆತನ ಸಿಗುತ್ತದೆ. ಲೇಬಲ್ ಹೇಳುವ ಮನೆತನ ಅದಲ್ಲದಿದ್ದರೆ ಮುಂದೆ ನೋಡುವುದೇ ಬೇಡ.

ಮನೆತನ ಕೂಡಿ ಬಂದರೆ ಆಮೇಲೆ ಹೂವು. ಹೊರಗೆ ಮೂರು ದೊಡ್ಡ ಎಸಳು, ಒಳಗೆ ಮೂರು ಗಿಡ್ಡ ಎಸಳು. ಒಳಗಿನದರ ತುದಿಯಲ್ಲಿ ಸಣ್ಣ ಕಚ್ಚು, ಅದರ ಮೇಲೆ ಹಸಿರು ಗುರುತು. ಆರೂ ಎಸಳು ಒಂದೇ ಅಳತೆಯಿದ್ದು ಪ್ರತಿ ತುದಿಯಲ್ಲೂ ಹಸಿರು ಚುಕ್ಕಿ ಇದ್ದರೆ ಅದು ಹೆಚ್ಚಿನಂಶ ಸ್ನೋಡ್ರಾಪೇ ಅಲ್ಲ, ಸ್ನೋಫ್ಲೇಕ್ ಅನ್ನುವ ಬೇರೆ ಗಿಡ. ಹೊಸಬರು ಇಲ್ಲಿ ಎಡವುತ್ತಾರೆ.

ಕಳೆದ ಫೆಬ್ರವರಿಯ ಒಂದು ಭಾನುವಾರ ಮೂರು ಹೂ ಕೊಯ್ದು ಅಡುಗೆಮನೆಯ ಮೇಜಿನ ಮೇಲೆ ಮೂರು ಸ್ಟೀಲ್ ಲೋಟದಲ್ಲಿಟ್ಟೆ. ಹೊರಗೆ ನಾಲ್ಕು ಡಿಗ್ರಿ. ಹೂ ಮೂರೂ ಬಾಯಿ ಮುಚ್ಚಿಕೊಂಡಿದ್ದವು. ಒಳಗಿನ ಬೆಚ್ಚಗೆಗೆ ಸ್ವಲ್ಪ ಹೊತ್ತಿನಲ್ಲೇ ಅರಳಿದವು. ಮೊದಲನೆಯದು 'ಆಟ್ಕಿನ್ಸಿಯೈ', ಆ ವರ್ಷದ ಕೊನೇ ಹೂವು. ಉದ್ದ ಎಸಳು, ಲೋಲಾಕಿನ ಹಾಗೆ ನೀಳ. ಈ ಊರಿನ ಹತ್ತಿರದ ಪೇನ್ಸ್‌ವಿಕ್‌ನಲ್ಲಿದ್ದ ಜೇಮ್ಸ್ ಆಟ್ಕಿನ್ಸ್ ಅನ್ನುವವರ ಹೆಸರಿನದು. ಜನವರಿಯಲ್ಲೇ ಬರುತ್ತದೆ. ಎರಡನೆಯದು 'ಮ್ಯಾಗ್ನೆಟ್'. ಹೂವಿಗಿಂತ ಅದರ ತೊಟ್ಟು ನೋಡಿ. ಉದ್ದ, ತೆಳ್ಳಗೆ, ಬಿಲ್ಲಿನಂತೆ ಬಾಗಿದ ತೊಟ್ಟು. ನನ್ನ ಗಂಡ ಪಕ್ಕದಲ್ಲಿ ಪೇಪರ್ ಮಗುಚಿದರೂ ತೂಗಾಡುತ್ತಿತ್ತು. ಮೂರನೆಯದು 'ಎಸ್. ಆರ್ನಾಟ್'. ದುಂಡಗಿನ, ದಪ್ಪ ಎಸಳು. ಒಳಗೆ ತಲೆಕೆಳಗಾದ ವಿ ಆಕಾರದ ಒಂದೇ ಹಸಿರು ಗುರುತು. ಆದರೆ ಅದರ ನಿಜವಾದ ಗುರುತು ಮೂಗಿಗೆ. ಬೆಚ್ಚಗಾದ ಮೇಲೆ ಜೇನಿನ ವಾಸನೆ ಇಡೀ ಮೇಜಿಗೆ ಬಂತು. ನನ್ನಪ್ಪ ಮಾವಿನ ಮಿಡಿಯ ತೊಟ್ಟು ಮುರಿದು ಸೊನೆ ಮೂಸಿ ಯಾವ ಮರದ್ದು ಅಂತ ಹೇಳುತ್ತಿದ್ದ. ಅದೇ ವಿದ್ಯೆ ಇದು.

ಹೀಗೆ ಪಕ್ಕಪಕ್ಕ ಇಟ್ಟು ನೋಡುವುದೇ ಒಳ್ಳೆಯ ದಾರಿ. ಫೋಟೋ ನೋಡಿ ಹೆಸರು ಹಿಡಿಯಲು ಹೋಗಬೇಡಿ. ಫೋಟೋದಲ್ಲಿ ತೊಟ್ಟು ತೂಗುವುದಿಲ್ಲ, ವಾಸನೆಯೂ ಬರುವುದಿಲ್ಲ.

ಇನ್ನೊಂದು ಮಾತು. ಹೊಸದಾಗಿ ನೆಟ್ಟ ಗಿಡದ ಮೊದಲ ವರ್ಷದ ಹೂವನ್ನು ನಂಬಬೇಡಿ. ಜಾಗ ಬದಲಾದ ಸಿಟ್ಟಿಗೆ ಎಸಳು ಸೊಟ್ಟಗಾಗಬಹುದು, ಗುರುತು ಮಾಸಬಹುದು. 'ಲೇಡಿ ಎಲ್ಫಿನ್‌ಸ್ಟೋನ್' ಅನ್ನುವ, ಒಳ ಎಸಳಿನಲ್ಲಿ ಹಳದಿ ಗುರುತಿರುವ ಹೂವಂತೂ ಜಾಗ ಬದಲಿಸಿದರೆ ಹಸಿರು ಗುರುತಿನೊಂದಿಗೆ ಅರಳಿ ನಿಮ್ಮನ್ನು ಹೆದರಿಸುತ್ತದೆ. ಒಂದೆರಡು ವರ್ಷಕ್ಕೆ ಮತ್ತೆ ಹಳದಿಗೆ ಬರುತ್ತದೆ. ಹಳದಿ ಜಾತಿಗಳಿಗೆ ಬೆಳಕೂ ಜಾಸ್ತಿ ಬೇಕು. ದಟ್ಟ ನೆರಳಲ್ಲಿಟ್ಟರೆ ಬಣ್ಣ ಮಂಕಾಗಿ ಹಸಿರಿಗೆ ತಿರುಗುತ್ತದೆ. ಮಾರಿದವರನ್ನು ಬೈಯುವ ಮೊದಲು ಜಾಗ ನೋಡಿ. (ನನ್ನದರಲ್ಲಿ ಎಲೆಯೇ ಬೇರೆ ಇತ್ತು. ನನ್ನ ಬೈಗುಳ ನ್ಯಾಯವಾದದ್ದೇ!)

ಎಸಳು ಒತ್ತಾಗಿ ತುಂಬಿದ ಸುತ್ತು ಹೂಗಳಲ್ಲಿ ನಾನು ಸೋತಿದ್ದೇನೆ. ಹೇರಿಕ್ ಗ್ರೇಟೊರೆಕ್ಸ್ ಅನ್ನುವವರು ನಾರ್ಫೋಕ್‌ನಲ್ಲಿ ಒಂದಿಷ್ಟು ಸುತ್ತು ಸ್ನೋಡ್ರಾಪ್ ಬೆಳೆಸಿ ಶೇಕ್ಸ್‌ಪಿಯರ್ ನಾಟಕದ ಹೆಂಗಸರ ಹೆಸರಿಟ್ಟರು. 'ಒಫೀಲಿಯಾ', 'ಟೈಟಾನಿಯಾ', 'ಡೆಸ್ಡೆಮೋನಾ', 'ಹಿಪ್ಪೊಲಿಟಾ'. ಎಲ್ಲವೂ ಅಕ್ಕತಂಗಿಯರು, ನೋಡಲು ಹೆಚ್ಚುಕಡಿಮೆ ಒಂದೇ. ಪಳಗಿದವರೇ ಇವುಗಳಲ್ಲಿ ಜಗಳ ಆಡುತ್ತಾರೆ. ನನ್ನ ಹತ್ತಿರ ಎರಡಿವೆ. ಲೇಬಲ್ ಏನು ಹೇಳುತ್ತದೋ ಅದೇ ಅಂತ ಸುಮ್ಮನಿದ್ದೇನೆ.

ಬೆಳೆಸುವುದು ಇದಕ್ಕಿಂತ ಸುಲಭ. ಚಳಿಗಾಲದಲ್ಲಿ ಬಿಸಿಲು, ಬೇಸಿಗೆಯಲ್ಲಿ ನೆರಳು ಬೇಕು. ಎಲೆ ಉದುರಿಸುವ ಮರದ ಕೆಳಗೆ ಎರಡೂ ಸಿಗುತ್ತದೆ. ನಮ್ಮ ಹಿತ್ತಿಲಿನ ಹೇಜಲ್ ಪೊದೆಯ ಬುಡವೇ ನನ್ನ ತೋಟ. ಮಣ್ಣು ಅಂಟು ಜೇಡಿ, ಅದಕ್ಕೆ ಕೊಳೆತ ಎಲೆಗೊಬ್ಬರ ಮತ್ತು ದಪ್ಪ ಮರಳು ಬೆರೆಸಿದೆ. ನೀರು ನಿಲ್ಲಬಾರದು, ಪೂರ್ತಿ ಒಣಗಲೂಬಾರದು.

ಅಂಗಡಿಯಲ್ಲಿ ತಿಂಗಳುಗಟ್ಟಲೆ ಒಣಗಿ ಮುರುಟಿದ ಗೆಡ್ಡೆ ಕೊಳ್ಳಬೇಡಿ. ಹೂ ಮುಗಿದು ಎಲೆ ಇನ್ನೂ ಹಸಿರಿರುವಾಗ, ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ, ಗಿಡವನ್ನೇ ಕಿತ್ತು ಮಾರುತ್ತಾರೆ. ಅದನ್ನು ತಂದು ತಡಮಾಡದೆ ನೆಡಿ. ಎಲೆಯ ಬುಡದ ಬಿಳಿ ಭಾಗ ಮುಚ್ಚುವಷ್ಟು ಆಳ, ಸುಮಾರು ಹತ್ತು ಸೆಂಟಿಮೀಟರ್. ಬೆಲೆಬಾಳುವುದನ್ನು ನಾನು ಕೊಳದ ಗಿಡಕ್ಕೆ ಬಳಸುವ ಜಾಲರಿ ಕುಂಡದಲ್ಲಿ ನೆಟ್ಟು, ಕುಂಡವನ್ನೇ ನೆಲದಲ್ಲಿ ಹೂಳುತ್ತೇನೆ. ಒಂದರ ಗೆಡ್ಡೆ ಇನ್ನೊಂದಕ್ಕೆ ಬೆರೆಯುವುದಿಲ್ಲ. ಎಲೆ ತಾನಾಗೇ ಹಳದಿಯಾಗುವವರೆಗೆ ಕತ್ತರಿಸಬೇಡಿ. ಮುಂದಿನ ವರ್ಷದ ಹೂವಿಗೆ ಊಟ ಅದರಿಂದಲೇ. ಮೂರ್ನಾಲ್ಕು ವರ್ಷಕ್ಕೊಮ್ಮೆ ಗುಂಪು ಒಡೆದು ಬೇರೆ ಬೇರೆ ಜಾಗಕ್ಕೆ ಹಾಕಿ. ಒಂದು ಜಾಗದ್ದು ಹೋದರೂ ಇನ್ನೊಂದು ಉಳಿಯುತ್ತದೆ.

ಹೋಗುವುದು ಎರಡು ಕಾರಣಕ್ಕೆ ಜಾಸ್ತಿ. ಮೊಳಕೆ ಮೇಲೆ ಬೂದಿ ಬಣ್ಣದ ತುಪ್ಪಳದಂಥ ಬೂಷ್ಟು ಕಂಡರೆ ಆ ಗುಂಪನ್ನು ಮಣ್ಣಿನ ಸಮೇತ ತೆಗೆದು ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಇನ್ನೊಂದು ನಾರ್ಸಿಸಸ್ ನೊಣ. ಬೇಸಿಗೆಯ ಶುರುವಿನಲ್ಲಿ, ಬಾಡುತ್ತಿರುವ ಎಲೆಯ ಬುಡದಲ್ಲಿ ಮೊಟ್ಟೆ ಇಡುತ್ತದೆ. ಹುಳ ಗೆಡ್ಡೆಯೊಳಗೆ ಕೂತು ತಿಂದು ಮುಗಿಸುತ್ತದೆ. ಬಿಸಿಲಿರುವ ಜಾಗದಲ್ಲಿ ಇದರ ಕಾಟ ಹೆಚ್ಚು. ಮೇ ತಿಂಗಳಿಂದ ನಾನು ಕುಂಡಗಳ ಮೇಲೆ ಸಣ್ಣ ಕಣ್ಣಿನ ಬಲೆ ಹಾಸುತ್ತೇನೆ.

ಮರಿ ಜಾಸ್ತಿ ಬೇಕಾದರೆ ಗೆಡ್ಡೆ ಕತ್ತರಿಸುವ ವಿಧಾನವಿದೆ. ಜೂನ್‌ನಲ್ಲಿ, ಗಿಡ ಮಲಗಿದ ಮೇಲೆ. ಸರ್ಜಿಕಲ್ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಗೆಡ್ಡೆಯನ್ನು ಕಿತ್ತಳೆ ತೊಳೆಯ ಹಾಗೆ ಎಂಟು ಹೋಳು ಮಾಡಿ. ಪ್ರತಿ ಹೋಳಿಗೂ ಬುಡದ ಗಟ್ಟಿ ತಟ್ಟೆಯ ಒಂದು ಚೂರು ಅಂಟಿರಲೇಬೇಕು. ಅದಿಲ್ಲದ ಹೋಳು ಕೊಳೆಯುತ್ತದೆ, ಅಷ್ಟೇ. ಶಿಲೀಂಧ್ರನಾಶಕದಲ್ಲಿ ಅದ್ದಿ, ಸ್ವಲ್ಪ ತೇವದ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜದ ಚೂರು) ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕತ್ತಲಲ್ಲಿ ಸುಮಾರು ಇಪ್ಪತ್ತು ಡಿಗ್ರಿಯಲ್ಲಿ ಹನ್ನೆರಡು ವಾರ ಇಡಿ. ಹೋಳಿನ ಪದರಗಳ ನಡುವೆ ಅಕ್ಕಿ ಕಾಳಿನಂಥ ಮರಿಗೆಡ್ಡೆ ಬರುತ್ತದೆ. ಹೂವಿಗೆ ಇನ್ನೂ ಮೂರ್ನಾಲ್ಕು ವರ್ಷ. ಮೊದಲ ಸಲ ಮಾಮೂಲಿ ನಿವಾಲಿಸ್ ಮೇಲೆ ಕೈ ಪಳಗಿಸಿ. ನಾನು ಬೀರುವಿನಲ್ಲಿಟ್ಟ ಚೀಲವನ್ನು ನನ್ನ ಗಂಡ ಕೆಟ್ಟ ಬೆಳ್ಳುಳ್ಳಿ ಅಂತ ಎಸೆದದ್ದೂ ಉಂಟು.

ಅಂದಹಾಗೆ ಈ ಗೆಡ್ಡೆ ವಿಷ. ಬೆಳ್ಳುಳ್ಳಿ, ಈರುಳ್ಳಿ ಇಡುವ ಕಡೆ ಇಡಲೇಬೇಡಿ. ಇದರಲ್ಲಿರುವ ಗ್ಯಾಲಂಟಮೈನ್ ಅನ್ನುವ ವಸ್ತು ಆಲ್ಝೈಮರ್ ಕಾಯಿಲೆಗೆ ಔಷಧಿ. ಕೆಲಸದಲ್ಲಿ ಅದರ ಡಬ್ಬಿ ನನ್ನ ಕೈಯಲ್ಲಿ ಓಡಾಡುತ್ತಲೇ ಇರುತ್ತದೆ. ಅದು ಅಳೆದು ಕೊಡುವ ಮಾತ್ರೆ. ಗೆಡ್ಡೆ ತಿಂದರೆ ವಾಂತಿ, ಭೇದಿ.

ಊರಿಗೆ ಬರುವಾಗ ನಾಲ್ಕು ಗೆಡ್ಡೆ ತಾ ಅಂತ ಬೆಂಗಳೂರಿನ ನೆಂಟರು ಕೇಳುತ್ತಾರೆ. ಸ್ನೋಡ್ರಾಪ್‌ನ ಎಲ್ಲ ಜಾತಿಗಳೂ ಸೈಟಿಸ್ ಒಪ್ಪಂದದ, ಅಂದರೆ ಕಾಡು ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ, ಪಟ್ಟಿಯಲ್ಲಿವೆ. ಕಾಗದಪತ್ರವಿಲ್ಲದೆ ಗಡಿ ದಾಟಿಸುವಂತಿಲ್ಲ. ದಾಟಿಸಿದರೂ ಬೆಂಗಳೂರಿನ ಚಳಿ ಇದಕ್ಕೆ ಚಳಿಯೇ ಅಲ್ಲ.

ಕೊನೆಗೆ ಲೇಬಲ್. ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ಎರಡು ವರ್ಷಕ್ಕೆ ಮಾಸುತ್ತದೆ, ಪೆನ್ಸಿಲ್ಲಿನದು ಉಳಿಯುತ್ತದೆ. ಇಲ್ಲಿನ ಬ್ಲ್ಯಾಕ್‌ಬರ್ಡ್ ಅನ್ನುವ ಕಪ್ಪು ಹಕ್ಕಿ ಹುಳ ಹುಡುಕುತ್ತಾ ಲೇಬಲ್ ಕಿತ್ತೆಸೆಯುತ್ತದೆ. ಹಾಗಾಗಿ ಒಂದು ಮೇಲೆ, ಒಂದು ಗೆಡ್ಡೆಯ ಜೊತೆ ಮಣ್ಣಿನೊಳಗೆ. ಮೂರನೆಯದು ನೋಟ್‌ಬುಕ್ಕಿನ ನಕ್ಷೆಯಲ್ಲಿ: ಬೇಲಿಯಿಂದ ಎಷ್ಟು ಹೆಜ್ಜೆ, ಹೇಜಲ್‌ನಿಂದ ಎಷ್ಟು. ಈ ಬುದ್ಧಿ ಬರುವ ಮೊದಲೇ ಒಂದು ಗುಂಪು ಹೆಸರು ಕಳೆದುಕೊಂಡಿತ್ತು. ಅದು ನೀರಿನ ತೊಟ್ಟಿಯ ಪಕ್ಕದಲ್ಲಿದೆ. ಯಾವಾಗ, ಎಲ್ಲಿಂದ ತಂದೆನೋ ನೆನಪಿಲ್ಲ. ಈ ಜನವರಿಯಲ್ಲಿ ಮಣ್ಣು ಸರಿಸಿ ನೋಡಿದೆ. ಬೂದಿ ಬಣ್ಣದ ಅಗಲ ಎಲೆ, ಒಂದು ಇನ್ನೊಂದನ್ನು ಅಪ್ಪಿಕೊಂಡಿತ್ತು. ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆದೆ: "ಎಲ್ವೆಸಿಯೈ ಕಡೆಯವಳು. ಹೆಸರು ಗೊತ್ತಿಲ್ಲ. ತೊಟ್ಟಿ ಪಕ್ಕ."