ಪೆಪ್ಟೈಡ್ ಸೀರಂ: ಕೆನ್ನೆಗೆ ಹಚ್ಚಿದ್ದು ಎಲ್ಲಿಯವರೆಗೆ ಇಳಿಯುತ್ತದೆ?

ಶಿಡ್ಲಘಟ್ಟದಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಈಗ ಐವತ್ತನಾಲ್ಕು. ಮದುವೆಯಾಗಿ ಬಂದಾಗಿನಿಂದ ರೇಷ್ಮೆ ನೂಲು ಬಿಚ್ಚಾಣಿಕೆಯೇ ಅವರ ಬದುಕು. ಹೋದ ತಿಂಗಳು ಬೆಂಗಳೂರಿನಿಂದ ಬಂದ ಮಗಳು ಕೈಗೊಂದು ಪುಟ್ಟ ಗಾಜಿನ ಬಾಟಲಿ ಇಟ್ಟು ಹೋಗಿದ್ದಾಳೆ. ಅದರ ಮೇಲೆ ಬರೆದಿರುವುದು ‘ಪೆಪ್ಟೈಡ್ ಸೀರಂ’.

‘ಮೂವತ್ತು ಎಂಎಲ್‌ಗೆ ಒಂಬೈನೂರು ರೂಪಾಯಂತೆ ಕಣಮ್ಮ! ನೀನು ಕೆಮಿಸ್ಟ್ರಿ ಪಾಠ ಮಾಡೋಳಲ್ವಾ, ಹೇಳು. ಹಚ್ಚಿದ್ರೆ ಸುಕ್ಕು ಹೋಗ್ತದಾ?’

ಹೌದು ಎಂದರೂ ಸುಳ್ಳು, ಇಲ್ಲ ಎಂದರೂ ಸುಳ್ಳು. ಆದ್ದರಿಂದ ರೇಷ್ಮೆಗೂಡನ್ನು ಬಿಸಿನೀರಿನಲ್ಲಿಟ್ಟು ನೂಲು ಬಿಚ್ಚುವ ಅವರ ಮನೆಯ ಬೇಸಿನ್ ಪಕ್ಕದಲ್ಲೇ ಕೂತು ಒಂದೊಂದಾಗಿ ಬಿಡಿಸಿ ಹೇಳಿದೆ. ಅದೇ ಕ್ರಮದಲ್ಲಿ ಇಲ್ಲಿದೆ.

ಮೊದಲು: ಇದು ಏನು?

ರೇಷ್ಮೆ ಎಳೆ ಪ್ರೋಟೀನು, ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಕೂಡ ಪ್ರೋಟೀನು. ಎರಡೂ ಅಮೈನೊ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಎರಡರಲ್ಲೂ ಗ್ಲೈಸಿನ್ ಎಂಬ ಅತಿ ಚಿಕ್ಕ ಮಣಿಯದೇ ದರಬಾರು. ಕೊಲಾಜೆನ್‌ನಲ್ಲಂತೂ ಪ್ರತಿ ಮೂರನೆಯ ಮಣಿ ಅದೇ. ಕೊಲಾಜೆನ್‌ನ ಒಂದೊಂದು ಸರದಲ್ಲಿ ಸುಮಾರು ಸಾವಿರ ಮಣಿ, ಅಂಥ ಮೂರು ಸರ ಸೇರಿ ಹುರಿಗೊಂಡ ಹಗ್ಗ ಅದು. ಆ ಸರದಿಂದ ಮೂರೋ ಐದೋ ಮಣಿಯಷ್ಟು ಕತ್ತರಿಸಿದ ತುಣುಕನ್ನು ಊಹಿಸಿಕೊಳ್ಳಿ. ಪೆಪ್ಟೈಡ್ ಎಂದರೆ ಅಂಥ ಗಿಡ್ಡ ಸರ.

‘ಕೊಲಾಜೆನ್ ಕಮ್ಮಿ ಆಗಿದ್ರೆ ಕೊಲಾಜೆನ್ನೇ ಹಚ್ಚಬಹುದಲ್ಲ’ ಎಂದರು ಚಿಕ್ಕಮ್ಮ. ಹರಿದ ಸೀರೆಯ ಮೇಲೆ ಗೂಡು ತಂದಿಟ್ಟರೆ ಸೀರೆ ತಾನಾಗಿ ನೇಯ್ದುಕೊಳ್ಳುತ್ತದೆಯೇ? ಕೊಲಾಜೆನ್ ಕ್ರೀಮಿನ ಕಥೆಯೂ ಅಷ್ಟೆ. ಮೇಲೆ ಕೂತು ತೇವ ಹಿಡಿದಿಡುತ್ತದೆ, ಒಳಗೆ ಹೋಗುವುದಿಲ್ಲ.

ಪೆಪ್ಟೈಡ್ ಇಟ್ಟಿಗೆಯಲ್ಲ, ಸುದ್ದಿ. ನೂಲು ಬಿಚ್ಚುವಾಗ ಒಂದು ಎಳೆ ಕಡಿಯಿತೆಂದರೆ ರೀಲರ್ ಕೈ ತಕ್ಷಣ ಇನ್ನೊಂದು ಗೂಡಿನ ಎಳೆ ಹಚ್ಚುತ್ತದೆ. ಚರ್ಮದಲ್ಲೂ ಹಳೆಯ ಕೊಲಾಜೆನ್ ಮುರಿದಾಗ ಸಿಡಿಯುವ ಕೆಲವು ಚೂರುಗಳು ಅಲ್ಲಿನ ಕೋಶಗಳಿಗೆ ‘ಎಳೆ ಕಡಿದಿದೆ, ಹೊಸದು ಹಚ್ಚಿ’ ಎಂದು ತಿಳಿಸುತ್ತವೆ. ಪ್ರಯೋಗಾಲಯದಲ್ಲಿ ಮಾಡಿದ ಅಂಥದೇ ಚೂರನ್ನು ಹೊರಗಿನಿಂದ ಕೊಟ್ಟು, ಕಡಿಯದಿದ್ದರೂ ಕಡಿದಿದೆಯೆಂದು ನಂಬಿಸುವುದು ಸೀರಂ ತಯಾರಕರ ಉಪಾಯ. ಜಾಣತನವೇ, ಒಪ್ಪಬೇಕು.

ಬಾಗಿಲಲ್ಲೇ ತಕರಾರು

ಸುದ್ದಿ ಮುಟ್ಟಬೇಕಲ್ಲ. ಚರ್ಮದ ಹೊರಪದರ ಸತ್ತ ಕೋಶಗಳ ಗೋಡೆ. ಕೋಶಗಳ ನಡುವೆ ಕೊಬ್ಬಿನ ಗಾರೆ. ಅಣುಗಳ ತೂಕವನ್ನು ಅಳೆಯುವುದು ಡಾಲ್ಟನ್‌ನಲ್ಲಿ. ಸುಮಾರು 500 ಡಾಲ್ಟನ್‌ಗಿಂತ ಹೆಚ್ಚು ತೂಕದ ಅಣುಗಳು ಈ ಗೋಡೆ ದಾಟುವುದು ಕಷ್ಟ ಎಂಬುದು 2000ನೇ ಇಸವಿಯಿಂದ ಚರ್ಮತಜ್ಞರು ಬಳಸುತ್ತಿರುವ ಅಂದಾಜು. ಕೊಲಾಜೆನ್ ತೂಕ ಸುಮಾರು 3 ಲಕ್ಷ. ಚಿಕ್ಕಮ್ಮ ದಿನಾ ಹೊಟ್ಟೆಗೆ ಚುಚ್ಚಿಕೊಳ್ಳುವ ಇನ್ಸುಲಿನ್ ಕೂಡ 51 ಮಣಿಯ ಪೆಪ್ಟೈಡೇ, ತೂಕ ಸುಮಾರು 5,800. ಹಚ್ಚಿದ್ದೆಲ್ಲ ಒಳಗೆ ಇಳಿಯುವಂತಿದ್ದರೆ ಸೂಜಿ ಯಾಕೆ ಬೇಕಿತ್ತು? ಇದನ್ನು ಹೇಳಿದ ಮೇಲೆ ಅವರಿಗೆ ಮಿಕ್ಕಿದ್ದೆಲ್ಲ ಸಲೀಸಾಗಿ ಅರ್ಥವಾಯಿತು.

ಸೀರಂ ಪೆಪ್ಟೈಡ್‌ಗಳು ಅಷ್ಟು ದೊಡ್ಡವಲ್ಲ, ಆದರೆ ನೀರನ್ನು ಇಷ್ಟಪಡುವ ಜಾತಿ. ಕೊಬ್ಬಿನ ಗಾರೆಯಲ್ಲಿ ನುಸುಳಲಿ ಎಂದು ಅವಕ್ಕೆ ಪಾಲ್ಮಿಟಿಕ್ ಆಮ್ಲ ಎಂಬ ಕೊಬ್ಬಿನ ಬಾಲ ಕಟ್ಟುತ್ತಾರೆ. ಹೆಸರಿನ ಮುಂದೆ ‘ಪಾಲ್ಮಿಟಾಯ್ಲ್’ ಎಂದಿದ್ದರೆ ಬಾಲ ಇದೆ ಎಂದರ್ಥ. ಬಾಲ ಸೇರಿದರೆ ತೂಕವೂ ಏರುತ್ತದೆ. ಒಂದು ಕೊಟ್ಟು ಒಂದು ಪಡೆಯುವ ವ್ಯಾಪಾರ. ಕೊನೆಗೆ ಒಳಗೆ ಮುಟ್ಟುವುದು ಹಚ್ಚಿದ್ದರಲ್ಲಿ ಅಲ್ಪ ಪಾಲು ಮಾತ್ರ.

ಲೇಬಲ್ ಓದುವ ಬಗೆ

ಬಾಟಲಿಯ ಮುಂಭಾಗ ಬಿಡಿ, ಹಿಂದೆ ತಿರುಗಿಸಿ. ಸಣ್ಣ ಅಕ್ಷರದ ಪಟ್ಟಿಯಲ್ಲಿ ಈ ಮೂರು ಹೆಚ್ಚಾಗಿ ಸಿಗುತ್ತವೆ.

ಪಾಲ್ಮಿಟಾಯ್ಲ್ ಪೆಂಟಾಪೆಪ್ಟೈಡ್-4: ಮೇಲೆ ಹೇಳಿದ ಸುದ್ದಿಗಾರ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 93 ಮಹಿಳೆಯರು 12 ವಾರ ಮುಖದ ಒಂದು ಬದಿಗೆ ಇದನ್ನು ಬೆರೆಸಿದ ಕ್ರೀಮು, ಇನ್ನೊಂದು ಬದಿಗೆ ಬೆರೆಸದ ಕ್ರೀಮು ಹಚ್ಚಿದ್ದರು. ಪೆಪ್ಟೈಡ್ ಬದಿಯ ಸಣ್ಣ ಗೆರೆಗಳು ತುಸು ಕಡಿಮೆಯಾದವು. ನಡೆಸಿದವರು ಕ್ರೀಮು ತಯಾರಿಸುವ ಕಂಪನಿಯವರೇ ಎಂಬುದೂ ನೆನಪಿರಲಿ. ಬಳಸಿದ ಪ್ರಮಾಣ ಹತ್ತು ಲಕ್ಷಕ್ಕೆ ಮೂರು ಪಾಲು. ಆ ಲೆಕ್ಕದಲ್ಲಿ ಚಿಕ್ಕಮ್ಮನ ಬಾಟಲಿಯಲ್ಲಿ ಇರಬೇಕಾದ್ದು ಪುಡಿ ಉಪ್ಪಿನ ಒಂದೆರಡು ಕಣದಷ್ಟು!

ಕಾಪರ್ ಟ್ರೈಪೆಪ್ಟೈಡ್-1: ತಾಮ್ರ ಹೊತ್ತ ಮೂರು ಮಣಿಯ ಸರ, ಅದಕ್ಕೇ ಸೀರಂ ನೀಲಿ. ಈ ಸರವನ್ನು 1973ರಲ್ಲಿ ವಿಜ್ಞಾನಿ ಲಾರೆನ್ ಪಿಕಾರ್ಟ್ ಮನುಷ್ಯರ ರಕ್ತದಲ್ಲಿ ಗುರುತಿಸಿದರು. ಅವರು ಆಗ ಹುಡುಕುತ್ತಿದ್ದುದು ಸುಕ್ಕಿಗೆ ಮದ್ದನ್ನಲ್ಲ, ಯಕೃತ್ತಿನ ಕೋಶಗಳ ಗುಟ್ಟನ್ನು.

ಅಸಿಟೈಲ್ ಹೆಕ್ಸಾಪೆಪ್ಟೈಡ್-8: ‘ಸೂಜಿಯಿಲ್ಲದ ಬೊಟಾಕ್ಸ್’ ಎಂದು ಮಾರುವುದು ಇದನ್ನೇ. ಬೊಟಾಕ್ಸ್ ಎಂದರೆ ಸ್ನಾಯು ಸಡಿಲಿಸಿ ಸುಕ್ಕು ಮರೆಸುವ ಇಂಜೆಕ್ಷನ್. ಬೊಟಾಕ್ಸ್ ಕತ್ತರಿಸುವ ನರದ ಪ್ರೋಟೀನಿನ ತುದಿಯನ್ನು ಇದು ನಕಲು ಮಾಡುತ್ತದೆ ಎಂಬುದು ನಿಜ. ಬೊಟಾಕ್ಸನ್ನು ಸೂಜಿಯಿಂದ ಸ್ನಾಯುವಿಗೇ ಚುಚ್ಚುತ್ತಾರೆ, ಇದು ಕೆನ್ನೆಯ ಮೇಲಿಂದ ಅಷ್ಟು ದೂರ ನಡೆಯಬೇಕು. ನನ್ನನ್ನು ಕೇಳಿದರೆ, ಆ ಹೆಸರಿಗೆ ಹೆಚ್ಚು ದುಡ್ಡು ಕೊಡಬೇಡಿ.

ಒಂದು ಪ್ರತಿಶತಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯಲ್ಲಿ ಬರೆಯಬೇಕು, ಅದಕ್ಕಿಂತ ಕಡಿಮೆಯವನ್ನು ಹೇಗೆ ಬೇಕಾದರೂ. ಹಾಗಾಗಿ ಪೆಪ್ಟೈಡ್ ಪಟ್ಟಿಯ ಬಾಲದಲ್ಲಿದ್ದರೆ ಗಾಬರಿ ಬೇಡ, ಅದರ ಜಾಗವೇ ಅದು. ಅನುಮಾನ ಪಡಬೇಕಾದ್ದು ಮುಂಭಾಗದ ‘10% ಪೆಪ್ಟೈಡ್’ ಮೇಲೆ. ಕಚ್ಚಾ ಸಾಮಗ್ರಿ ಮಾರುವವರು ಪೆಪ್ಟೈಡನ್ನು ನೀರು, ಗ್ಲಿಸರಿನ್‌ನಲ್ಲಿ ಕರಗಿಸಿ ಕೊಡುತ್ತಾರೆ. ಆ ಹತ್ತು ಪ್ರತಿಶತ ಹೆಚ್ಚಿನ ಸಲ ಆ ದ್ರಾವಣದ ಲೆಕ್ಕ, ಒಳಗಿನ ಪೆಪ್ಟೈಡಿನದಲ್ಲ. ಹಾಲಿಗೆ ನೀರು ಬೆರೆಸಿದವನು ಕ್ಯಾನಿನ ಅಳತೆ ಹೇಳಿದಂತೆ.

ಹಚ್ಚುವ ಕ್ರಮ

ಮೊದಲ ದಿನ ಮುಖಕ್ಕೆ ಬೇಡ. ಮೊಣಕೈ ಒಳಮಡಿಕೆಯಲ್ಲಿ ಒಂದು ಹನಿ ಹಚ್ಚಿ; ಎರಡು-ಮೂರು ದಿನ ಕೆಂಪು, ತುರಿಕೆ ಬಾರದಿದ್ದರೆ ಮುಂದುವರಿಯಿರಿ. ಸೌಮ್ಯ ಸೋಪಿನಿಂದ ಮುಖ ತೊಳೆದು, ಒರೆಸಿಯೂ ಒರೆಸದಂತೆ ಕೊಂಚ ಪಸೆ ಇರುವಾಗಲೇ ಮೂರು-ನಾಲ್ಕು ಹನಿ ಸವರಿ. ಉಜ್ಜಬೇಕಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮಾಯಿಶ್ಚರೈಸರ್.

ನೀಲಿ ತಾಮ್ರದ ಸೀರಂ ಇದ್ದರೆ ಅದರ ಜೊತೆಗೇ ವಿಟಮಿನ್ ಸಿ ಅಥವಾ ಆಮ್ಲದ ಸೀರಂ ಹಚ್ಚಬೇಡಿ. ಬೆಳಿಗ್ಗೆ ಅದು, ರಾತ್ರಿ ಇದು ಎಂದು ಪಾಳಿ ಮಾಡಿ.

ಬೆಳಿಗ್ಗೆ ಕೊನೆಯಲ್ಲಿ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್. ಇದನ್ನು ಬಿಟ್ಟರೆ ಮಿಕ್ಕ ಖರ್ಚೆಲ್ಲ ದಂಡ. ಕೊಲಾಜೆನ್ ಕಡಿಯುವುದರಲ್ಲಿ ಬಿಸಿಲಿನಷ್ಟು ದೊಡ್ಡ ಕೈ ಬೇರೆ ಯಾವುದಕ್ಕೂ ಇಲ್ಲ, ನಮ್ಮ ಬಯಲುಸೀಮೆಯ ಬಿಸಿಲೋ ಕೇಳಲೇಬೇಡಿ. ಕೋಲಾರದ ಟೊಮೆಟೊ ತೋಟದಲ್ಲಿ ಕೊಯ್ಲಿಗೆ ಹೋಗುವ ಹೆಣ್ಣುಮಕ್ಕಳ ಸೆರಗು ಸೀರಂಗಿಂತ ಹೆಚ್ಚು ಕೊಲಾಜೆನ್ ಉಳಿಸುತ್ತದೆ. ಒಂದೇ ವಸ್ತುವಿಗೆ ದುಡ್ಡಿದ್ದರೆ ಸನ್‌ಸ್ಕ್ರೀನ್ ಕೊಳ್ಳಿ. ಸುಕ್ಕಿನ ವಿಷಯದಲ್ಲಿ ಪೆಪ್ಟೈಡ್‌ಗಿಂತ ಗಟ್ಟಿ ಪುರಾವೆ ಇರುವುದು ವಿಟಮಿನ್ ಎ ಬಳಗದ ರೆಟಿನಾಯ್ಡ್‌ಗಳಿಗೆ. ಆದರೆ ಅವು ಉರಿ ತರುತ್ತವೆ, ಬಸುರಿಯರು ಮುಟ್ಟಬಾರದು, ಚರ್ಮದ ಡಾಕ್ಟರ ಸಲಹೆ ಬೇಕು.

ಇದೇ ಪೆಪ್ಟೈಡ್‌ಗಳ ಇಂಜೆಕ್ಷನ್ ಪುಡಿಯನ್ನೂ ಆನ್‌ಲೈನಿನಲ್ಲಿ ಮಾರುತ್ತಾರೆ. ಆ ಕಡೆ ತಲೆ ಹಾಕಬೇಡಿ.

ಎಷ್ಟು ದಿನ ಕಾಯಬೇಕು?

ನಾಲ್ಕೇ ದಿನಕ್ಕೆ ಕೆನ್ನೆ ತುಂಬಿದಂತೆ ಕಂಡರೆ ಅದು ಗ್ಲಿಸರಿನ್, ಹೈಲುರಾನಿಕ್ ಆಮ್ಲ ಹಿಡಿದಿಟ್ಟ ನೀರು. ಪೆಪ್ಟೈಡಿನ ಲೆಕ್ಕ ನೋಡಲು ಎಂಟರಿಂದ ಹನ್ನೆರಡು ವಾರ ಬೇಕು. ಕನ್ನಡಿಯನ್ನು ನಂಬಬೇಡಿ; ಒಂದೇ ಕಿಟಕಿ, ಒಂದೇ ಹೊತ್ತು, ನಗದ ಮುಖ, ಹೀಗೆ ಮೊದಲ ದಿನ ಒಂದು ಫೋಟೊ, ಹನ್ನೆರಡನೇ ವಾರ ಇನ್ನೊಂದು.

ಚಿಕ್ಕಮ್ಮನ ಮೊದಲ ಫೋಟೊ ನನ್ನ ಫೋನಿನಲ್ಲಿದೆ. ಈಗ ನಾಲ್ಕನೇ ವಾರ. ಮುಖಕ್ಕೆ ಹಚ್ಚಿ ಉಳಿದದ್ದನ್ನು ಬಿಸಿನೀರಿನಲ್ಲಿ ಬೆಂದು ಬಿಳಿಚಿದ ಬೆರಳ ತುದಿಗಳಿಗೆ ಸವರಿಕೊಳ್ಳುತ್ತಾರಂತೆ. ಅಲ್ಲಿಗೆ ವ್ಯಾಸಲೀನೇ ಸಾಕು ಎಂದಿದ್ದೇನೆ.