ಊರಿನ ವೀರಗಲ್ಲಿನ ಮುಂದೆ ಪುರಾತತ್ತ್ವದ ಮೊದಲ ಪಾಠ

ಕೋಲಾರ ಜಿಲ್ಲೆಯಲ್ಲಿ ಮಕ್ಕಳಿಗೆ ಪುರಾತತ್ತ್ವವನ್ನು ಪರಿಚಯಿಸಬೇಕೆಂದರೆ ಹಳೆಯ ಗುಡಿಗಳಿರುವ ಆವಣಿಗೋ ಕುರುಡುಮಲೆಗೋ ಬಸ್ಸು ಹೊರಡಿಸುವುದು ವಾಡಿಕೆ. ಅದೂ ಬೇಕು, ಆದರೆ ಮೊದಲ ಪಾಠಕ್ಕೆ ಊರ ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ನಿಂತಿರುವ ವೀರಗಲ್ಲೇ ಮೇಲು, ಏಕೆಂದರೆ ನಾಳೆ ಅದನ್ನು ಕಾಯಬೇಕಾದವರು ಊರಿನವರೇ.

ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 10ನೆಯ ಸಂಪುಟದಲ್ಲಿ ಅಂದಿನ ಕೋಲಾರ ಜಿಲ್ಲೆಯ, ಅಂದರೆ ಇಂದಿನ ಚಿಕ್ಕಬಳ್ಳಾಪುರವೂ ಸೇರಿದ ಸೀಮೆಯ, ಶಾಸನಗಳು ತಾಲ್ಲೂಕುವಾರು ಇವೆ. ಅದರಲ್ಲಿ ನಿಮ್ಮ ಊರಿನ ಹೆಸರಿದ್ದರೆ ಆ ಪುಟವನ್ನು ಜೆರಾಕ್ಸ್ ಮಾಡಿಸಿಕೊಂಡು, ಕಲ್ಲು ಈಗ ಎಲ್ಲಿದೆಯೆಂದು ಹಿರಿಯರನ್ನು ಕೇಳಿ. ಏಪ್ರಿಲ್ 18ರ ವಿಶ್ವ ಪರಂಪರೆ ದಿನ ಬೇಸಿಗೆ ರಜೆಗೆ ಸಿಕ್ಕಿಬೀಳುವುದರಿಂದ ನವೆಂಬರ್ 19ರಿಂದ 25ರವರೆಗಿನ ಪರಂಪರೆ ಸಪ್ತಾಹವೇ ಅನುಕೂಲ. ಆಗ ಹೊಲದಲ್ಲಿ ರಾಗಿ ಕೊಯ್ಲಿಗೆ ಬಂದಿರುತ್ತದೆಯಾದ್ದರಿಂದ ಹೊಲದವರ ಒಪ್ಪಿಗೆ ಮೊದಲು ಪಡೆಯಿರಿ.

ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಿಸಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಕೆಲವೆಡೆ ಶತ್ರುಗಳು ಹೊಡೆದುಕೊಂಡು ಹೋಗುತ್ತಿರುವ ದನಗಳು. ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗದ ಸನ್ನಿಧಿಯಲ್ಲಿ ಅವನು. ಅಕ್ಷರ ಸವೆದಿದ್ದರೆ ಒಬ್ಬ ಹುಡುಗಿ ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಓರೆಯಾಗಿ ಕಲ್ಲಿನ ಮೇಲೆ ಹಾಯಿಸಲಿ; ಕೊರೆದ ಗೆರೆಯೊಳಗೆ ನೆರಳು ತುಂಬಿ, ಬರಿಗಣ್ಣಿಗೆ ಕಾಣದಿದ್ದ ಸಾಲು ಮೇಲೆದ್ದು ಬರುತ್ತದೆ. ಸೀಮೆಸುಣ್ಣ ತುಂಬುವುದು, ತಂತಿ ಬ್ರಷ್‌ನಿಂದ ಉಜ್ಜುವುದು ಕೂಡದು. ಊರವರು ಎಣ್ಣೆ ಹಚ್ಚಿ ಪೂಜಿಸುವ ಕಲ್ಲಾದರೆ ಮಕ್ಕಳ ಮುಂದೆ ಯಾರನ್ನೂ ಗದರಿಸಬೇಡಿ: ಆ ಕಲ್ಲು ಇಷ್ಟು ಕಾಲ ಉಳಿದಿರುವುದಕ್ಕೆ ಆ ಪೂಜೆಯೂ ಕಾರಣವಾಗಿರಬಹುದು.

ನಿಧಿಯ ಮಾತನ್ನು ಮಾತ್ರ ಮುಚ್ಚಿಡದೆ ನೀವೇ ಎತ್ತಿ. ಕಲ್ಲಿನ ಬುಡದಲ್ಲಿ ಹೊನ್ನಿದೆಯೆಂಬ ಗುಲ್ಲಿಗೆ ಎಷ್ಟೋ ವೀರಗಲ್ಲುಗಳು ಉರುಳಿವೆ. ಇದು ಸತ್ತವನ ನೆನಪಿಗೆ ನೆಟ್ಟ ಕಲ್ಲೇ ಹೊರತು ಹೂತಿಟ್ಟ ಹಣದ ಗುರುತಲ್ಲವೆಂದು, ಆಗಲೇ ಓದಿದ ಪಟ್ಟಿಕೆಗಳನ್ನೇ ತೋರಿಸಿ ಹೇಳಿದರೆ ದೊಡ್ಡವರೂ ಕಿವಿಗೊಡುತ್ತಾರೆ. ಉಳುವಾಗ ಹೂತಿದ್ದ ನಾಣ್ಯವೋ ಒಡವೆಯೋ ಸಿಕ್ಕರೆ, 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬುದನ್ನೂ ಸೇರಿಸಿ.

ಕೊನೆಗೆ ಅಳತೆಪಟ್ಟಿಯೊಡನೆ ತೆಗೆದ ಫೋಟೊ, ಕಲ್ಲಿರುವ ಜಾಗ ಮತ್ತು ಮಕ್ಕಳು ಕಂಡದ್ದರ ಟಿಪ್ಪಣಿಯನ್ನು ಮೂರು ಪ್ರತಿ ಮಾಡಿ, ಒಂದನ್ನು ಶಾಲೆಯಲ್ಲಿ, ಒಂದನ್ನು ಗ್ರಾಮ ಪಂಚಾಯಿತಿಯಲ್ಲಿ ಇರಿಸಿ, ಇನ್ನೊಂದನ್ನು ರಾಜ್ಯ ಪುರಾತತ್ತ್ವ ಇಲಾಖೆಗೆ ಕಳುಹಿಸಿ.