ಮರದ ಲೂರ್ ಅಡ್ಡ ಮಲಗಿದರೆ ನಾನು ಬಿಚ್ಚಿ ಸರಿಮಾಡುವ ಬಗೆ

ಮನೆಯಲ್ಲಿ ಮಾಡಿದ ಲೂರ್ (ಮೀನು ಹಿಡಿಯಲು ಗಾಳ ತೊಡಿಸಿದ ಕೃತಕ ಎರೆಮೀನು) ನೆಟ್ಟಗೆ ಈಜದಿದ್ದರೆ ಹೆಚ್ಚಿನವರು ಮೊದಲು ಕೈ ಹಾಕುವುದು ಮೂತಿಯ ಕಣ್ಣಿಗೆ, ಅಂದರೆ ದಾರ ಕಟ್ಟುವ ತಂತಿಯ ಕುಣಿಕೆಗೆ. ಇಕ್ಕಳದಲ್ಲಿ ಹಿಡಿದು ಆಚೀಚೆ ಬಗ್ಗಿಸುತ್ತಾರೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಲಿಪ್ (ಮೂತಿಯ ಕೆಳಗೆ ಚಾಚಿದ ತೆಳು ಫಲಕ) ಸೊಟ್ಟಗಿದ್ದರೆ, ಹೊಟ್ಟೆಯೊಳಗೆ ತೂಕಕ್ಕೆ ಇಟ್ಟ ಸೀಸ ತಪ್ಪು ಜಾಗದಲ್ಲಿ ಕೂತಿದ್ದರೆ ಕಣ್ಣನ್ನು ಎಷ್ಟು ಬಗ್ಗಿಸಿದರೂ ಪ್ರಯೋಜನವಿಲ್ಲ.

ನಾನು ಮಾಡುವುದು 8 ಸೆಂ.ಮೀ. ಉದ್ದದ, ತೇಲುವ ಲೂರ್. ಒಡಲಿಗೆ ಹಾಲೆ ಮರ, ಚನ್ನಪಟ್ಟಣದ ಬೊಂಬೆಗೆ ಬಳಸುವುದೂ ಅದನ್ನೇ. 0.8 ಮಿ.ಮೀ. ಸ್ಟೀಲ್ ತಂತಿ ಹೊಸೆದ ಮೂರು ಕಣ್ಣು, 6ನೇ ನಂಬರಿನ ಎರಡು ಮೂರು-ಮುಳ್ಳಿನ ಗಾಳ. ಲಿಪ್ಪಿಗೆ ಹಳೆಯ ಸಿ.ಡಿ.; 1.2 ಮಿ.ಮೀ. ದಪ್ಪದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಇಷ್ಟು ಅಗ್ಗಕ್ಕೆ ಬೇರೆಲ್ಲೂ ಸಿಗದು.

ಎಳೆದಾಗ ಒಂದೇ ಕಡೆಗೆ ಓಡಿ, ವೇಗ ಹೆಚ್ಚಿಸಿದ ಕೂಡಲೇ ಮಗ್ಗುಲಾಗಿ ಮೇಲೆದ್ದರೆ ನನ್ನ ಮೊದಲ ಅನುಮಾನ ಲಿಪ್ಪಿನ ಮೇಲೆ. ಮೂತಿಯನ್ನು ನಿಮ್ಮತ್ತ ತಿರುಗಿಸಿ, ನಿಮ್ಮ ಒಂದು ಕಣ್ಣು ಮುಚ್ಚಿ ನೋಡಿ. ಬೆನ್ನಿಂದ ಹೊಟ್ಟೆಗೆ ಎಳೆದ ನಡುಗೆರೆಗೆ ಲಿಪ್ಪಿನ ಅಂಚು ಲಂಬವಾಗಿರಬೇಕು. ಒಡಲನ್ನು ದುಂಡಗೆ ಕೆತ್ತಿದ ಮೇಲೆ ಲಿಪ್ ಕೂರಿಸುವ ಸೀಳು ಕೊಯ್ದರೆ ಈ ತಪ್ಪು ಆಗಿಯೇ ಆಗುತ್ತದೆ, ಗರಗಸಕ್ಕೆ ಆಧಾರವಾಗಿ ಚೌಕ ಮುಖವೇ ಉಳಿದಿರುವುದಿಲ್ಲ. ಕಟ್ಟಿಗೆ ಚೌಕವಾಗಿರುವಾಗಲೇ ಸೀಳು ಹಾಕಿ.

ಅಂಟಿದ ಲಿಪ್ಪನ್ನು ಹಾಗೇ ಕೀಳಬೇಡಿ, ಮರದ ಚಕ್ಕೆಯೇ ಏಳುತ್ತದೆ. ಬುಡಕ್ಕೆ ಹೇರ್ ಡ್ರೈಯರ್ ಬಿಸಿ ಒಂದೆರಡು ನಿಮಿಷ ಹಿಡಿಯಿರಿ. ಎರಡು ಭಾಗ ಬೆರೆಸಿ ಬಳಸುವ ಸಾಮಾನ್ಯ ಎಪಾಕ್ಸಿ ಅಂಟು 60–80 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ರಬ್ಬರಿನಂತಾಗುತ್ತದೆ. ಪಾಲಿಕಾರ್ಬೊನೇಟ್ ಮೆದುವಾಗಲು 145 ದಾಟಬೇಕು. ಹಾಗಾಗಿ ಲಿಪ್ ಕೆಡದೆ ಅಂಟು ಸೋಲುತ್ತದೆ. ಅಲ್ಲಾಡಿಸುತ್ತಾ ಎಳೆಯಿರಿ, ಸೀಳಿನೊಳಗಿನ ಅಂಟನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕೆರೆಯಿರಿ. ಸಡಿಲವಾದ ಸೀಳಿಗೆ ಬರೀ ಅಂಟು ತುಂಬಿದರೆ ಅದು ಗಟ್ಟಿಯಾಗುವಷ್ಟರಲ್ಲಿ ಲಿಪ್ ಮತ್ತೆ ವಾಲುತ್ತದೆ. ವಾಲಿದ ಕಡೆಗೆ ಬೆಂಕಿಕಡ್ಡಿಯ ಸಿಗುರು ಕೂರಿಸಿ, ಅಂಟಿಲ್ಲದೆ ಹೊಂದಿಸಿ ನೋಡಿ, ಆಮೇಲೆ ಅಂಟು. ಐದು ನಿಮಿಷದ್ದು ಬೇಡ, ನಿಧಾನವಾಗಿ ಗಟ್ಟಿಯಾಗುವುದೇ ಇರಲಿ. ತಿದ್ದಲು ಪುರುಸೊತ್ತು ಸಿಗುತ್ತದೆ.

ಇನ್ನು ಸೀಸ. ಗಾಳ, ಅದನ್ನು ಕಣ್ಣಿಗೆ ಸೇರಿಸುವ ರಿಂಗು ಎಲ್ಲ ತೊಡಿಸಿಯೇ ಬಕೆಟ್ಟಿಗೆ ಬಿಡಬೇಕು. ಬರೀ ಒಡಲನ್ನು ತೇಲಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ. ನಿಂತ ನೀರಿನಲ್ಲೇ ಮಗ್ಗುಲಾದರೆ ಸೀಸ ಕಡಿಮೆ, ಇಲ್ಲವೇ ತೂತು ಹೆಚ್ಚು ಆಳವಾಗಿ ಸೀಸ ಬೆನ್ನಿನ ಹತ್ತಿರ ಕೂತಿದೆ. ಬಾಲ ಮುಳುಗಿದರೆ ಹಿಂದಕ್ಕೆ ಸರಿದಿದೆ. 3 ಮಿ.ಮೀ. ಬಿಟ್ಟಿನಿಂದ ನಿಧಾನವಾಗಿ ಕೊರೆದರೆ ಸೀಸ ಸುರುಳಿಯಾಗಿ ಬರುತ್ತದೆ (ಪುಡಿ ಊದಬೇಡಿ, ಕೈ ತೊಳೆಯಿರಿ). ತೂತಿಗೆ ಬಿದಿರಿನ ಬೆಣೆ ಹೊಡೆದು ಅಂಟಿಸಿ. ಹೊಸ ಜಾಗ ಊಹಿಸಬೇಡಿ: ಸೀಸದ ಪಟ್ಟಿಯನ್ನು ಟೇಪಿನಿಂದ ಹೊಟ್ಟೆಗೆ ಅಂಟಿಸಿ, ಸಮನಾಗುವವರೆಗೆ ಸರಿಸಿ, ಅಲ್ಲೇ ಗುರುತು ಹಾಕಿ ಕೊರೆಯಿರಿ. ಬಣ್ಣ, ಮೇಲ್ಲೇಪದ ತೂಕ ಇನ್ನೂ ಬರಲಿದೆ, ಆದ್ದರಿಂದ ಈಗಲೇ ಮುಳುಗುವ ಅಂಚಿಗೆ ತರಬೇಡಿ.

ಕಿತ್ತು ಬಂದ ಕಣ್ಣಿನ ಬುಡ ಒಣಗಿದ್ದರೆ ತೂತಿನ ತಳದಲ್ಲಿ ಗಾಳಿ ಸಿಕ್ಕಿ ಅಂಟು ಇಳಿದಿಲ್ಲ ಎಂದರ್ಥ. ಹಲ್ಲುಕಡ್ಡಿಯಿಂದ ತಳದವರೆಗೆ ಅಂಟು ಇಳಿಸಿ, ಕಣ್ಣನ್ನು ತಿರುಗಿಸುತ್ತಾ ತೂರಿಸಿ. ಗಾಳಗಳು ಒಂದಕ್ಕೊಂದು ಸಿಕ್ಕಿಕೊಂಡರೆ ಒಂದು ಅಳತೆ ಸಣ್ಣ ಗಾಳ ಹಾಕಿದರಾಯಿತು.

ಫಿನ್‌ಲೆಂಡಿನ ಮೀನುಗಾರ ಲೌರಿ ರಪಾಲಾ 1936ರ ತಮ್ಮ ಕಾರ್ಕ್ ಲೂರಿಗೆ ಲೇಪಕ್ಕಾಗಿ ಫೋಟೊ ನೆಗೆಟಿವ್ ಕರಗಿಸಿ ಬಳಿದರು. ನಮಗೆ ಎಪಾಕ್ಸಿ ಇದೆ, ಆದರೆ ಎರಡು ಭಾಗಗಳ ಅಳತೆ ತಪ್ಪಿದರೆ ವಾರ ಕಳೆದರೂ ಜಿಗುಟು ಹೋಗದು. ಅದರ ಮೇಲೆ ಇನ್ನೊಂದು ಲೇಪ ಬಳಿಯದೆ, ಸ್ಪಿರಿಟ್‌ನಲ್ಲಿ ಒರೆಸಿ ಕೆರೆದು, 400ರ ಉಪ್ಪುಕಾಗದ ಉಜ್ಜಿ ಹೊಸದಾಗಿ ಬಳಿಯಿರಿ.

ಇಷ್ಟಾದ ಮೇಲೂ ಸ್ವಲ್ಪ ಎಡಕ್ಕೆ ಓಡಿದರೆ ಮೂತಿಯನ್ನು ನಿಮ್ಮತ್ತ ಹಿಡಿದು ಕಣ್ಣನ್ನು ಬಲಕ್ಕೆ ಬಗ್ಗಿಸಿ. ಒಮ್ಮೆಗೆ ಅರ್ಧ ಮಿ.ಮೀ. ಸಾಕು. ಬಗ್ಗಿಸಿ ಅಷ್ಟೇ, ತಿರುಚಬೇಡಿ. ತಿರುಚಿದರೆ ಒಳಗಿನ ಅಂಟು ಬಿಟ್ಟು ಅಲ್ಲಿಂದಲೇ ನೀರು ಇಳಿಯುತ್ತದೆ.